ಮಾತಿಗೆ ದಂಡ ಹಾಕುವವರು ಯಾರು? ಅಮೆರಿಕದ ವಾಕ್ ಸ್ವಾತಂತ್ರ್ಯಕ್ಕಿರುವ ಕಾನೂನಿನ ಮಿತಿಗಳು

2025ರ ಸೆಪ್ಟೆಂಬರ್ 10ರಂದು ಯೂಟಾ ರಾಜ್ಯದ ವಿಶ್ವವಿದ್ಯಾಲಯವೊಂದರ ಆವರಣದಲ್ಲಿ ಸಂವಾದ ನಡೆಸುತ್ತಿದ್ದ ಬಲಪಂಥೀಯ ಸಂಘಟಕ ಚಾರ್ಲಿ ಕರ್ಕ್ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ನಂತರದ ದಿನಗಳಲ್ಲಿ ಅಲ್ಲಿ ಮೂರು ಸಂಗತಿಗಳು ಒಂದರ ಹಿಂದೊಂದು ನಡೆದವು. ದೇಶದ ಅಟಾರ್ನಿ ಜನರಲ್ ಪ್ಯಾಮ್ ಬಾಂಡಿ ಅವರು ವಾಕ್ ಸ್ವಾತಂತ್ರ್ಯವೇ ಬೇರೆ, ದ್ವೇಷ ಭಾಷಣವೇ ಬೇರೆ ಎಂದು ಹೇಳಿ, ದ್ವೇಷ ಭಾಷಣ ಮಾಡುವವರನ್ನು ಬಿಡುವುದಿಲ್ಲವೆಂದು ಎಚ್ಚರಿಸಿದರು. ಪ್ರಸಾರ ಪರವಾನಗಿಗಳನ್ನು ನೀಡುವ ಫೆಡರಲ್ ಸಂವಹನ ಆಯೋಗದ ಅಧ್ಯಕ್ಷ ಬ್ರೆಂಡನ್ ಕಾರ್ ಅವರು ಈ ಹತ್ಯೆಯ ಹಿನ್ನೆಲೆಯಲ್ಲಿ ಹಾಸ್ಯ ನಿರೂಪಕ ಜಿಮ್ಮಿ ಕಿಮ್ಮೆಲ್ ಟಿವಿಯಲ್ಲಿ ಆಡಿದ ಮಾತನ್ನು ಖಂಡಿಸಿ, ಇದನ್ನು ಸುಲಭದ ದಾರಿಯಲ್ಲೂ ಮಾಡಬಹುದು, ಕಷ್ಟದ ದಾರಿಯಲ್ಲೂ ಮಾಡಬಹುದು ಎಂಬ ಅರ್ಥದ ಮಾತಾಡಿದರು. ಅದೇ ದಿನ ಎಬಿಸಿ ವಾಹಿನಿ ಕಿಮ್ಮೆಲ್ ಅವರ ಕಾರ್ಯಕ್ರಮವನ್ನು ನಿಲ್ಲಿಸಿತು. ಇದೇ ಹೊತ್ತಿನಲ್ಲಿ ಹತ್ಯೆಯ ಬಗ್ಗೆ ಸಾಮಾಜಿಕ ಜಾಲತಾಣಗಳಲ್ಲಿ ಬರೆದುಕೊಂಡಿದ್ದ ಶಿಕ್ಷಕರು, ಪ್ರಾಧ್ಯಾಪಕರು, ಆಸ್ಪತ್ರೆ ಮತ್ತು ಖಾಸಗಿ ಕಂಪನಿಗಳ ನೌಕರರು ದೇಶದ ಹಲವೆಡೆ ಕೆಲಸ ಕಳೆದುಕೊಂಡರು.

ಈ ಮೂರನ್ನೂ ಒಟ್ಟಾಗಿ ನೋಡಿದ ಅನೇಕರು, ಅಮೆರಿಕದ ವಾಕ್ ಸ್ವಾತಂತ್ರ್ಯ ಇಷ್ಟೇ ಏನು ಎಂದು ಕೇಳಿದರು. ಆದರೆ ಅಲ್ಲಿನ ಕಾನೂನಿನ ಕಣ್ಣಿಗೆ ಇವು ಮೂರು ಬೇರೆ ಬೇರೆ ಪ್ರಶ್ನೆಗಳಾಗಿದ್ದು, ಮೂರಕ್ಕೂ ಸಿಗುವ ಉತ್ತರ ಬೇರೆ ಬೇರೆಯೇ ಆಗಿದೆ. ಅಟಾರ್ನಿ ಜನರಲ್ ಹೇಳಿದ್ದು ಕಾನೂನಿನ ಪ್ರಕಾರ ತಪ್ಪು. ಟೀಕೆ ಬಂದ ಮೇಲೆ ಅವರೇ ತಮ್ಮ ಮಾತನ್ನು ಹಿಂಸೆಯ ಬೆದರಿಕೆಗಳಿಗೆ ಸೀಮಿತಗೊಳಿಸಿಕೊಂಡರು. ಆಯೋಗದ ಅಧ್ಯಕ್ಷರ ಮಾತು ಸುಪ್ರೀಂ ಕೋರ್ಟ್ ಹಿಂದಿನ ವರ್ಷವಷ್ಟೇ ಎಳೆದಿದ್ದ ಗೆರೆಯನ್ನು ದಾಟಿತ್ತು ಎಂದು ವಾದಿಸಲು ಬಲವಾದ ಆಧಾರವಿದೆ. ಕೆಲಸ ಕಳೆದುಕೊಂಡವರ ಪೈಕಿ ಕೆಲವರಿಗೆ ಸಂವಿಧಾನದ ರಕ್ಷಣೆ ಇತ್ತು, ಇನ್ನುಳಿದವರಿಗೆ ಇರಲೇ ಇಲ್ಲ. ಆಡಿದ ಮಾತು ಎಷ್ಟು ಕೆಟ್ಟದ್ದು ಎಂಬುದನ್ನು ಅಳೆದು ಈ ವ್ಯತ್ಯಾಸವನ್ನು ವಿವರಿಸಲು ಸಾಧ್ಯವಿಲ್ಲ. ಆ ಮಾತಿಗಾಗಿ ದಂಡಿಸುತ್ತಿರುವವರು ಯಾರು, ಯಾವ ಅಧಿಕಾರವನ್ನು ಬಳಸಿ ದಂಡಿಸುತ್ತಿದ್ದಾರೆ ಎಂಬುದನ್ನು ಕೇಳಬೇಕು. ಪೊಲೀಸರು ಮತ್ತು ಜೈಲಿನ ಎದುರು ಅಮೆರಿಕದ ಪ್ರಜೆಗೆ ಸಿಗುವಷ್ಟು ರಕ್ಷಣೆ ಜಗತ್ತಿನ ಬೇರೆಲ್ಲೂ ಇಲ್ಲವೆನ್ನಬಹುದು. ನೌಕರಿ, ಪರವಾನಗಿ ಮತ್ತು ವೀಸಾಗಳ ಮೂಲಕ ಬರುವ ದಂಡನೆಯ ಎದುರು ಅದೇ ರಕ್ಷಣೆ ತೆಳುವಾಗುತ್ತ ಹೋಗುತ್ತದೆ.

1791ರಲ್ಲಿ ಸಂವಿಧಾನಕ್ಕೆ ಸೇರಿದ ಮೊದಲ ತಿದ್ದುಪಡಿಯು ಇಂಗ್ಲಿಷಿನಲ್ಲಿ 45 ಪದಗಳ ಒಂದೇ ವಾಕ್ಯ. ಮಾತಿನ ಅಥವಾ ಪತ್ರಿಕೆಗಳ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಯಾವ ಕಾನೂನನ್ನೂ ಸಂಸತ್ತು, ಅಂದರೆ ಕಾಂಗ್ರೆಸ್, ಮಾಡತಕ್ಕದ್ದಲ್ಲ ಎನ್ನುವುದು ಅದರ ಸಾರ. ಆ ವಾಕ್ಯ ಪ್ರಜೆಗೆ ಏನನ್ನೂ ಹೇಳುತ್ತಿಲ್ಲ, ಸರ್ಕಾರದ ಕೈ ಕಟ್ಟುತ್ತಿದೆ. ಆರಂಭದಲ್ಲಿ ಅದು ಕೇಂದ್ರ ಸರ್ಕಾರವನ್ನು ಮಾತ್ರ ಕಟ್ಟಿಹಾಕಿತ್ತು. 1868ರ ಹದಿನಾಲ್ಕನೇ ತಿದ್ದುಪಡಿಯ ಮೂಲಕ ಈ ಬಂಧನ ರಾಜ್ಯಗಳಿಗೂ ಅನ್ವಯಿಸುತ್ತದೆ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ ಒಪ್ಪಿಕೊಳ್ಳತೊಡಗಿದ್ದು 1925ರಲ್ಲಿ. ಖಾಸಗಿ ಕಂಪನಿ, ಖಾಸಗಿ ವಿಶ್ವವಿದ್ಯಾಲಯ, ಪತ್ರಿಕೆಯ ಮಾಲೀಕ, ಸಾಮಾಜಿಕ ಜಾಲತಾಣ ಇವರಾರೂ ಆ ಬಂಧನದೊಳಗೆ ಬರುವುದಿಲ್ಲ. ಖಾತೆಯೊಂದನ್ನು ಫೇಸ್‌ಬುಕ್ ಅಳಿಸಿಹಾಕಿದಾಗ ಮೊದಲ ತಿದ್ದುಪಡಿಯ ಉಲ್ಲಂಘನೆಯಾಯಿತೆಂದು ದೂರುವವರು ಈ ಮೂಲ ಅಂಶವನ್ನೇ ಮರೆತಿರುತ್ತಾರೆ. 2024ರ ಮೂಡಿ ವಿರುದ್ಧ ನೆಟ್‌ಚಾಯ್ಸ್ ತೀರ್ಪಿನಲ್ಲಂತೂ, ಯಾವ ಬರಹವನ್ನು ತೋರಿಸಬೇಕು, ಯಾವುದನ್ನು ತೋರಿಸಬಾರದು ಎಂದು ಜಾಲತಾಣಗಳು ಮಾಡುವ ಆಯ್ಕೆಯೇ ಅವುಗಳ ಅಭಿವ್ಯಕ್ತಿಯೆಂದು ಬಹುಮತದ ನ್ಯಾಯಮೂರ್ತಿಗಳು ಅಭಿಪ್ರಾಯಪಟ್ಟರು.

ಭಾರತದ ಓದುಗರಿಗೆ ಇಲ್ಲೊಂದು ಮುಖ್ಯ ಭೇದ ಕಾಣಿಸುತ್ತದೆ. ನಮ್ಮ ಸಂವಿಧಾನದ 19ನೇ ವಿಧಿಯ ಒಂದನೇ ಖಂಡ ಹಕ್ಕನ್ನು ಕೊಡುತ್ತದೆ, ಎರಡನೇ ಖಂಡ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ ಮುಂತಾದ ಕಾರಣಗಳಿಗೆ ಸಮಂಜಸ ನಿರ್ಬಂಧ ಹೇರುವ ಅಧಿಕಾರವನ್ನೂ ಕೊಡುತ್ತದೆ. 1951ರ ನಮ್ಮ ಮೊದಲ ತಿದ್ದುಪಡಿ ಆ ನಿರ್ಬಂಧಗಳ ಪಟ್ಟಿಯನ್ನು ಹಿಗ್ಗಿಸಿತು. ಅಮೆರಿಕದ ಸಂವಿಧಾನದಲ್ಲಿ ಇಂಥ ಪಟ್ಟಿಯೇ ಇಲ್ಲ. ಅಲ್ಲಿರುವ ಮಿತಿಗಳೆಲ್ಲವೂ ಮೊಕದ್ದಮೆಯಿಂದ ಮೊಕದ್ದಮೆಗೆ ನ್ಯಾಯಾಧೀಶರು ಕಟ್ಟಿದವು, ಕೆಡವಿದವು, ಮತ್ತೆ ಕಟ್ಟಿದವು. ಕೆಲವು ಬಗೆಯ ಮಾತುಗಳು ಇತಿಹಾಸದುದ್ದಕ್ಕೂ ರಕ್ಷಣೆಯ ಹೊರಗಿದ್ದವು, ಅವುಗಳ ಪಟ್ಟಿಗೆ ಲಾಭನಷ್ಟ ತೂಗಿ ಹೊಸದನ್ನು ಸೇರಿಸುವ ಸ್ವಾತಂತ್ರ್ಯ ಶಾಸನಸಭೆಗಾಗಲಿ ನ್ಯಾಯಾಲಯಕ್ಕಾಗಲಿ ಇಲ್ಲ ಎಂದು 2010ರ ಸ್ಟೀವನ್ಸ್ ತೀರ್ಪಿನಲ್ಲಿ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಹಾಗಾಗಿ ಒಂದು ಮಾತನ್ನು ಶಿಕ್ಷಿಸಬೇಕಾದರೆ ಅದು ಹಳೆಯ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಸರ್ಕಾರ ಮೊದಲು ತೋರಿಸಬೇಕು.

ಈ ವರ್ಗಗಳ ಪೈಕಿ ಅತ್ಯಂತ ಪ್ರಸಿದ್ಧವಾದದ್ದು ಪ್ರಚೋದನೆ. ಅದರ ಇತಿಹಾಸವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಇಂದಿಗೂ ವಾಕ್ ಸ್ವಾತಂತ್ರ್ಯದ ಮಿತಿಯ ಬಗ್ಗೆ ಮಾತಾಡುವವರು ತುಂಬಿದ ರಂಗಮಂದಿರದಲ್ಲಿ ಬೆಂಕಿ ಬೆಂಕಿ ಎಂದು ಸುಳ್ಳೇ ಕೂಗುವ ಹಕ್ಕು ಯಾರಿಗೂ ಇಲ್ಲ ಎಂಬ ಮಾತನ್ನು ಉದ್ಧರಿಸುತ್ತಲೇ ಇರುತ್ತಾರೆ. ಆ ಹೋಲಿಕೆ ಬಂದದ್ದು 1919ರ ಶೆಂಕ್ ಪ್ರಕರಣದಲ್ಲಿ, ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಅವರ ಲೇಖನಿಯಿಂದ. ಅಲ್ಲಿ ರಂಗಮಂದಿರವೂ ಇರಲಿಲ್ಲ, ಬೆಂಕಿಯ ಕೂಗೂ ಇರಲಿಲ್ಲ. ಫಿಲಡೆಲ್ಫಿಯಾದ ಸಮಾಜವಾದಿ ಪಕ್ಷದ ಕಾರ್ಯದರ್ಶಿ ಚಾರ್ಲ್ಸ್ ಶೆಂಕ್ ಅವರು ಕಡ್ಡಾಯ ಸೇನಾ ಭರ್ತಿಯನ್ನು ವಿರೋಧಿಸಿ ಕರಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿದ್ದರು. 1917ರ ಬೇಹುಗಾರಿಕೆ ಕಾಯ್ದೆಯಡಿ ಅವರಿಗಾದ ಶಿಕ್ಷೆಯನ್ನು ಒಂಬತ್ತೂ ನ್ಯಾಯಮೂರ್ತಿಗಳು ಎತ್ತಿಹಿಡಿದರು. ಒಂದೇ ವಾರದ ಅಂತರದಲ್ಲಿ ಅದೇ ನ್ಯಾಯಾಲಯವು ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್ ಅವರ ಹತ್ತು ವರ್ಷಗಳ ಶಿಕ್ಷೆಯನ್ನೂ ಎತ್ತಿಹಿಡಿಯಿತು. ಒಹಾಯೋ ರಾಜ್ಯದ ಕ್ಯಾಂಟನ್ ನಗರದಲ್ಲಿ ಯುದ್ಧವಿರೋಧಿ ಭಾಷಣ ಮಾಡಿದ್ದೇ ಅವರ ಅಪರಾಧವಾಗಿತ್ತು. 1920ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಟ್ಲಾಂಟಾದ ಜೈಲಿನಲ್ಲಿದ್ದುಕೊಂಡೇ ಸ್ಪರ್ಧಿಸಿದ ಡೆಬ್ಸ್ ಒಂಬತ್ತು ಲಕ್ಷಕ್ಕೂ ಹೆಚ್ಚು ಮತಗಳನ್ನು ಪಡೆದರು. ಮೊದಲ ತಿದ್ದುಪಡಿಯ ಅಕ್ಷರಗಳು ಆಗಲೂ ಈಗಿನಂತೆಯೇ ಇದ್ದವು ಎಂಬುದನ್ನು ಗಮನಿಸಬೇಕು.

ಹೋಮ್ಸ್ ಅವರೇ ಆ ವರ್ಷದ ಕೊನೆಯ ಹೊತ್ತಿಗೆ ಅಬ್ರಾಮ್ಸ್ ಪ್ರಕರಣದ ಭಿನ್ನಮತದಲ್ಲಿ ವಾಕ್ ಸ್ವಾತಂತ್ರ್ಯದ ಪರವಾಗಿ, ಬೇರೆಯದೇ ಧಾಟಿಯಲ್ಲಿ ಬರೆದರು. ಆದರೆ ಆ ಭಿನ್ನಮತ ದೇಶದ ಕಾನೂನಾಗಲು ಐವತ್ತು ವರ್ಷ ಹಿಡಿಯಿತು. 1969ರ ಬ್ರಾಂಡನ್‌ಬರ್ಗ್ ಪ್ರಕರಣದ ಆರೋಪಿ, ಬಿಳಿಯರೇ ಶ್ರೇಷ್ಠರೆಂದು ಸಾರುವ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಒಹಾಯೋದ ನಾಯಕ. ಟಿವಿ ವರದಿಗಾರನನ್ನು ಕರೆಸಿಕೊಂಡು, ಶಿಲುಬೆಯನ್ನು ಸುಟ್ಟು, ಬಿಳಿಯರನ್ನು ಹತ್ತಿಕ್ಕುವುದು ಮುಂದುವರಿದರೆ ಸೇಡು ತೀರಿಸಿಕೊಳ್ಳಬೇಕಾದೀತು ಎಂದು ಆತ ಭಾಷಣ ಮಾಡಿದ್ದ. ಕೋರ್ಟ್ ಆತನ ಶಿಕ್ಷೆಯನ್ನು ರದ್ದುಪಡಿಸಿತು. ಕಾನೂನುಬಾಹಿರ ಕೃತ್ಯ ಕೂಡಲೇ ನಡೆಯುವಂತೆ ಮಾಡುವ ಉದ್ದೇಶ ಮಾತಿಗಿರಬೇಕು, ಅಂಥ ಕೃತ್ಯ ನಡೆಯುವ ಸಂಭವವೂ ಇರಬೇಕು, ಇವೆರಡೂ ಇಲ್ಲದೆ ಪ್ರಚೋದನೆಯ ಹೆಸರಿನಲ್ಲಿ ಯಾರನ್ನೂ ಶಿಕ್ಷಿಸುವಂತಿಲ್ಲ ಎಂಬ ಇಂದಿನ ನಿಯಮ ಹುಟ್ಟಿದ್ದು ಅಲ್ಲಿ. ಮುಂದೆಂದಾದರೂ ಹಿಂಸೆ ಸರಿಯಾದೀತು ಎಂದು ಪ್ರತಿಪಾದಿಸುವ ಮಾತಿಗೆ ರಕ್ಷಣೆಯಿದೆ. ಎದುರಿಗಿರುವ ಗುಂಪಿಗೆ ಅಗೋ ಆ ಮನೆಗೆ ಈಗಲೇ ಬೆಂಕಿ ಹಚ್ಚಿ ಎನ್ನುವ ಮಾತಿಗೆ ಇಲ್ಲ.

ಕ್ಲಾನ್ ನಾಯಕನಿಗಾಗಿ ಇಷ್ಟು ಉದಾರವಾದ ನಿಯಮ ಬೇಕಿತ್ತೇ ಎಂಬ ಪ್ರಶ್ನೆ ಸಹಜವಾದದ್ದು. ಉತ್ತರ 1982ರ ಕ್ಲೇಬೋರ್ನ್ ಹಾರ್ಡ್‌ವೇರ್ ತೀರ್ಪಿನಲ್ಲಿದೆ. ಮಿಸಿಸಿಪ್ಪಿಯ ಪೋರ್ಟ್ ಗಿಬ್ಸನ್ ಎಂಬಲ್ಲಿ ಕಪ್ಪು ಜನರು 1966ರಲ್ಲಿ ಬಿಳಿಯ ವ್ಯಾಪಾರಿಗಳ ಅಂಗಡಿಗಳಿಗೆ ಬಹಿಷ್ಕಾರ ಹಾಕಿದ್ದರು. ಬಹಿಷ್ಕಾರ ಮುರಿದವರ ಕುತ್ತಿಗೆ ಮುರಿಯುತ್ತೇವೆ ಎಂಬ ಅರ್ಥದ ಮಾತನ್ನು ಚಳವಳಿಯ ನಾಯಕ ಚಾರ್ಲ್ಸ್ ಎವರ್ಸ್ ಸಭೆಯಲ್ಲಿ ಆಡಿದ್ದರು. ರಾಜ್ಯದ ನ್ಯಾಯಾಲಯ ಚಳವಳಿಗಾರರ ಮೇಲೆ ಹನ್ನೆರಡು ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರದ ಹೊರೆ ಹೊರಿಸಿತು. ಬ್ರಾಂಡನ್‌ಬರ್ಗ್ ನಿಯಮವನ್ನೇ ಹಿಡಿದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಕ್ಲಾನ್ ನಾಯಕನನ್ನು ಉಳಿಸಿದ ನಿಯಮ ಇಲ್ಲದೇ ಹೋಗಿದ್ದರೆ ನಾಗರಿಕ ಹಕ್ಕುಗಳ ಸಂಘಟನೆಯೊಂದು ದಿವಾಳಿಯಾಗುತ್ತಿತ್ತು. ಮಾತಿನ ಹಕ್ಕನ್ನು ಹೇಳುವವನ ಯೋಗ್ಯತೆ ನೋಡಿ ಹಂಚಬಾರದು ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ನನಗೆ ತಿಳಿದಂತೆ ಬೇರೆ ಇಲ್ಲ.

ಹಾಗೆಂದು ಈ ನಿಯಮ ಎಲ್ಲೆಡೆ ಸಮನಾಗಿ ನಡೆದುಬಂದಿಲ್ಲ. 2010ರ ಹೋಲ್ಡರ್ ಪ್ರಕರಣ ಅದಕ್ಕೆ ಉದಾಹರಣೆ. ಕುರ್ದಿಗಳ ಪಿಕೆಕೆ ಮತ್ತು ಶ್ರೀಲಂಕಾದ ಎಲ್‌ಟಿಟಿಇ ಎರಡೂ ಅಮೆರಿಕದ ಉಗ್ರ ಸಂಘಟನೆಗಳ ಪಟ್ಟಿಯಲ್ಲಿದ್ದವು. ವಿವಾದಗಳನ್ನು ಶಾಂತಿಯುತವಾಗಿ ಬಗೆಹರಿಸಿಕೊಳ್ಳಲು ಅಂತರರಾಷ್ಟ್ರೀಯ ಕಾನೂನನ್ನು ಬಳಸುವುದು ಹೇಗೆ, ವಿಶ್ವಸಂಸ್ಥೆಯಂಥ ಸಂಸ್ಥೆಗಳಿಗೆ ಮನವಿ ಸಲ್ಲಿಸುವುದು ಹೇಗೆ ಎಂಬ ತರಬೇತಿಯನ್ನು ಅಂಥ ಸಂಘಟನೆಗೆ ಕೊಡಲು ಬಯಸಿದ ಮಾನವ ಹಕ್ಕುಗಳ ಕಾರ್ಯಕರ್ತರಿಗೆ, ಅದು ಅಪರಾಧವಾಗುತ್ತದೆ ಎಂದು ಕೋರ್ಟ್ 6–3ರ ಬಹುಮತದಲ್ಲಿ ಹೇಳಿತು. ಸಂಘಟನೆಯ ಪರವಾಗಿ ಸ್ವತಂತ್ರವಾಗಿ ಬರೆಯಬಹುದು, ಅದರೊಂದಿಗೆ ಸೇರಿ ಶಾಂತಿಯ ಪಾಠವನ್ನೂ ಹೇಳುವಂತಿಲ್ಲ. ಹಿಂಸೆಗೆ ಕರೆಕೊಟ್ಟವನಿಗೆ ದೊರೆತ ರಕ್ಷಣೆ ಹಿಂಸೆ ಬಿಡಿ ಎನ್ನಹೊರಟವರಿಗೆ ದೊರೆಯಲಿಲ್ಲ. ರಾಷ್ಟ್ರೀಯ ಭದ್ರತೆ ಎಂಬ ಕಾರಣ ಮುಂದಾದಾಗ ನ್ಯಾಯಾಲಯ ಹೇಗೆ ಸರ್ಕಾರದ ಕಡೆ ವಾಲುತ್ತದೆ ಎಂಬುದನ್ನು ಟಿಕ್‌ಟಾಕ್ ಜಾಲತಾಣವನ್ನು ಅದರ ಚೀನೀ ಮಾಲೀಕ ಕಂಪನಿ ಮಾರಬೇಕು, ಇಲ್ಲವಾದರೆ ಅದಕ್ಕೆ ನಿಷೇಧ ಎಂಬ ಕಾನೂನನ್ನು 2025ರ ಜನವರಿಯಲ್ಲಿ ಸರ್ವಾನುಮತದಿಂದ ಎತ್ತಿಹಿಡಿದ ತೀರ್ಪೂ ತೋರಿಸುತ್ತದೆ.

ಬೆದರಿಕೆಯದ್ದು ಪ್ರಚೋದನೆಯ ಪಕ್ಕದ ವರ್ಗ. ನಿಜವಾದ ಬೆದರಿಕೆಗೆ ರಕ್ಷಣೆಯಿಲ್ಲ. ಆದರೆ ಕೇಳಿದವನಿಗೆ ಭಯವಾಯಿತು ಎಂಬುದಷ್ಟೇ ಸಾಲದು, ತನ್ನ ಮಾತನ್ನು ಬೆದರಿಕೆಯೆಂದು ಎದುರಿನವರು ತಿಳಿಯಬಹುದು ಎಂಬ ಅರಿವಿದ್ದೂ ಆಡಿದವನು ಅದನ್ನು ಲೆಕ್ಕಿಸಲಿಲ್ಲ ಎಂಬುದನ್ನಾದರೂ ಸರ್ಕಾರ ಸಾಬೀತುಪಡಿಸಬೇಕು ಎಂದು 2023ರ ಕೌಂಟರ್‌ಮನ್ ತೀರ್ಪು ಹೇಳಿತು. ಕಾಗದದ ಮೇಲೆ ಇದು ಒಳ್ಳೆಯ ರಕ್ಷಣೆ. ಆದರೆ ಕರ್ಕ್ ಹತ್ಯೆಯ ನಂತರ ಟೆನೆಸಿ ರಾಜ್ಯದ ಪೆರಿ ಕೌಂಟಿಯಲ್ಲಿ ನಡೆದದ್ದನ್ನು ನೋಡಬೇಕು. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಫೇಸ್‌ಬುಕ್ಕಿನಲ್ಲಿ ಒಂದು ಚಿತ್ರ ಹಂಚಿಕೊಂಡರು. 2024ರಲ್ಲಿ ಅಯೋವಾ ರಾಜ್ಯದ ಪೆರಿ ಎಂಬ ಊರಿನ ಪ್ರೌಢಶಾಲೆಯಲ್ಲಿ ಗುಂಡಿನ ದಾಳಿ ನಡೆದಾಗ, ಇದನ್ನು ದಾಟಿ ಮುಂದೆ ಸಾಗಬೇಕು ಎಂಬ ಅರ್ಥದಲ್ಲಿ ಡೊನಾಲ್ಡ್ ಟ್ರಂಪ್ ಆಡಿದ್ದ ಮಾತು ಆ ಚಿತ್ರದಲ್ಲಿತ್ತು. ಟೆನೆಸಿಯ ಪೆರಿ ಕೌಂಟಿಯ ಶಾಲೆಗೇ ಇದು ಬೆದರಿಕೆಯೆಂದು ಜನ ತಿಳಿದರು ಎಂಬ ಕಾರಣ ಕೊಟ್ಟು ಅವರನ್ನು ಬಂಧಿಸಲಾಯಿತು. ಜಾಮೀನಿನ ಮೊತ್ತ 20 ಲಕ್ಷ ಡಾಲರ್. 37 ದಿನ ಜೈಲಿನಲ್ಲಿದ್ದ ಮೇಲೆ ಆರೋಪವನ್ನು ಕೈಬಿಡಲಾಯಿತು. ಸುಪ್ರೀಂ ಕೋರ್ಟಿನ ಮಾನದಂಡ ಎಷ್ಟೇ ಎತ್ತರದಲ್ಲಿದ್ದರೂ ಅದು ವ್ಯಕ್ತಿಯ ನೆರವಿಗೆ ಬರುವುದು ಬಂಧನದ ನಂತರ, ಕೆಲವೊಮ್ಮೆ ಬಹಳ ದಿನಗಳ ನಂತರ.

ಇನ್ನು ದ್ವೇಷ ಭಾಷಣ. ಅಮೆರಿಕದ ಕಾನೂನಿನಲ್ಲಿ ಅಂಥದ್ದೊಂದು ಶಿಕ್ಷಾರ್ಹ ವರ್ಗವೇ ಇಲ್ಲ. ಜರ್ಮನಿ, ಬ್ರಿಟನ್, ಕೆನಡಾ, ಭಾರತ ಇವೆಲ್ಲವೂ ಜನಾಂಗ ಅಥವಾ ಧರ್ಮದ ಆಧಾರದ ಮೇಲೆ ದ್ವೇಷ ಬಿತ್ತುವುದನ್ನು ಒಂದಲ್ಲ ಒಂದು ರೀತಿಯಲ್ಲಿ ಅಪರಾಧವೆಂದು ಪರಿಗಣಿಸಿವೆ. ಅಮೆರಿಕ ಹಾಗೆ ಮಾಡಿಲ್ಲ. ಯುದ್ಧದಲ್ಲಿ ಮಡಿದ ಯೋಧನ ಅಂತ್ಯಸಂಸ್ಕಾರದ ಸಮೀಪ ನಿಂತು, ಸೈನಿಕರು ಸಾಯುತ್ತಿರುವುದಕ್ಕೆ ದೇವರಿಗೆ ಧನ್ಯವಾದ ಹೇಳುವ ಫಲಕಗಳನ್ನು ಹಿಡಿದ ವೆಸ್ಟ್‌ಬರೋ ಚರ್ಚಿನವರ ಪರವಾಗಿ 2011ರಲ್ಲಿ ಕೋರ್ಟ್ 8–1ರ ತೀರ್ಪು ಕೊಟ್ಟಿತು. ಆ ಯೋಧನ ತಂದೆಯೇ ಅರ್ಜಿದಾರರಾಗಿದ್ದರು; ಅವರ ನೋವನ್ನು ತೀರ್ಪು ಅಲ್ಲಗಳೆಯಲಿಲ್ಲ, ಆದರೂ ಅವರು ಸೋತರು. ದ್ವೇಷದಿಂದ ಒಬ್ಬನನ್ನು ಹೊಡೆದರೆ ಆ ಉದ್ದೇಶಕ್ಕಾಗಿ ಶಿಕ್ಷೆಯನ್ನು ಹೆಚ್ಚಿಸಬಹುದು ಎಂದು 1993ರಲ್ಲಿ ಅದೇ ಕೋರ್ಟ್ ಒಪ್ಪಿದೆ. ಅಲ್ಲಿ ಶಿಕ್ಷೆಯಾಗುವುದು ಹೊಡೆತಕ್ಕೆ. ಹೀಗಿರುವಾಗ ದೇಶದ ಅತ್ಯುನ್ನತ ಕಾನೂನು ಅಧಿಕಾರಿಯ ಸ್ಥಾನದಲ್ಲಿ ಕುಳಿತವರು ದ್ವೇಷ ಭಾಷಣವನ್ನು ವಾಕ್ ಸ್ವಾತಂತ್ರ್ಯದಿಂದ ಹೊರಗಿಟ್ಟು ಮಾತಾಡಿದ್ದು ಬಾಯ್ತಪ್ಪು ಎಂದು ಬಿಟ್ಟುಬಿಡಬಹುದಾದ ಸಂಗತಿಯಲ್ಲ. ಆ ವರ್ಗವೊಂದು ಹುಟ್ಟಿಕೊಂಡರೆ ಅದರೊಳಗೆ ಯಾರ ಮಾತು ಬೀಳಬೇಕು ಎಂಬುದನ್ನು ನಿರ್ಧರಿಸುವವರು ಅಂದಂದಿನ ಆಡಳಿತಗಾರರೇ ಆಗಿರುತ್ತಾರೆ.

ಸುಳ್ಳಿನ ವಿಷಯದಲ್ಲಿ ಕಾನೂನು ಇನ್ನೂ ಜಟಿಲವಾಗಿದೆ. ಬರೀ ಸುಳ್ಳು ಹೇಳಿದ್ದಕ್ಕೆ ಶಿಕ್ಷೆಯಿಲ್ಲ. ತನಗೆ ಸೇನೆಯ ಅತ್ಯುನ್ನತ ಪದಕ ಬಂದಿದೆ ಎಂದು ಸುಳ್ಳು ಹೇಳಿಕೊಂಡವನನ್ನು ಶಿಕ್ಷಿಸುವ ಕಾಯ್ದೆಯನ್ನೇ 2012ರಲ್ಲಿ ಕೋರ್ಟ್ ರದ್ದುಮಾಡಿತು. ಆದರೆ ಸುಳ್ಳಿನಿಂದ ಇನ್ನೊಬ್ಬರಿಗೆ ಹಾನಿಯಾದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಮಾನಹಾನಿ, ವಂಚನೆ, ಸುಳ್ಳು ಸಾಕ್ಷ್ಯ ಎಲ್ಲವೂ ರಕ್ಷಣೆಯ ಹೊರಗಿವೆ. ಮಾನಹಾನಿಯ ಗೆರೆಯನ್ನು ಎಳೆದದ್ದು 1964ರ ಸಲಿವನ್ ತೀರ್ಪು. ಮಾರ್ಟಿನ್ ಲೂಥರ್ ಕಿಂಗ್ ಅವರ ಕಾನೂನು ಹೋರಾಟಕ್ಕೆ ಹಣ ಸಂಗ್ರಹಿಸಲು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಪೂರ್ಣ ಪುಟದ ಜಾಹೀರಾತಿನಲ್ಲಿ ಸಣ್ಣ ತಪ್ಪುಗಳಿದ್ದವು. ಕಿಂಗ್ ಅವರನ್ನು ನಾಲ್ಕು ಬಾರಿ ಬಂಧಿಸಿದ್ದರೆ ಜಾಹೀರಾತು ಏಳು ಬಾರಿ ಎಂದಿತ್ತು. ಅದರಲ್ಲಿ ಹೆಸರೇ ಇಲ್ಲದಿದ್ದ ಅಲಬಾಮಾದ ಅಧಿಕಾರಿ ಎಲ್. ಬಿ. ಸಲಿವನ್ ಅವರಿಗೆ ಐದು ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ಅಲ್ಲಿನ ಬಿಳಿಯ ಜ್ಯೂರಿ ತೀರ್ಮಾನಿಸಿತು. ದಕ್ಷಿಣದ ರಾಜ್ಯಗಳಲ್ಲಿ ನಡೆಯುತ್ತಿದ್ದ ದೌರ್ಜನ್ಯದ ವರದಿಯನ್ನು ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಅಸ್ತ್ರ ಇರಲಿಲ್ಲ. ಸಾರ್ವಜನಿಕ ಅಧಿಕಾರಿ ಗೆಲ್ಲಬೇಕಾದರೆ, ಸುಳ್ಳೆಂದು ತಿಳಿದೇ ಪ್ರಕಟಿಸಿದರು ಅಥವಾ ಸತ್ಯವೋ ಸುಳ್ಳೋ ಎಂಬುದನ್ನು ಲೆಕ್ಕಿಸದೆ ಪ್ರಕಟಿಸಿದರು ಎಂದು ತೋರಿಸಬೇಕು ಎಂಬ ಮಾನದಂಡವನ್ನು ಸುಪ್ರೀಂ ಕೋರ್ಟ್ ರೂಪಿಸಿತು. ಈ ಮಾನದಂಡ ತೀರಾ ಎತ್ತರವಾಯಿತು, ಮರುಪರಿಶೀಲಿಸಬೇಕು ಎಂದು ನ್ಯಾಯಮೂರ್ತಿಗಳಾದ ಕ್ಲಾರೆನ್ಸ್ ಥಾಮಸ್ ಮತ್ತು ನೀಲ್ ಗೋರ್ಸಚ್ ಹೇಳಿದ್ದಾರೆ. ಆದರೆ ದಾಟಲಾಗದಷ್ಟು ಎತ್ತರ ಅದಲ್ಲ. ಮತಯಂತ್ರಗಳ ಬಗ್ಗೆ ಸುಳ್ಳು ಪ್ರಸಾರ ಮಾಡಿದ ಆರೋಪ ಎದುರಿಸಿದ ಫಾಕ್ಸ್ ನ್ಯೂಸ್, ವಿಚಾರಣೆ ಆರಂಭವಾಗುವ ಹೊತ್ತಿಗೆ, 2023ರ ಏಪ್ರಿಲ್‌ನಲ್ಲಿ, ಡೊಮಿನಿಯನ್ ಕಂಪನಿಗೆ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಅಶ್ಲೀಲತೆಗೆ 1973ರ ಮಿಲ್ಲರ್ ತೀರ್ಪಿನ ಮೂರು ಹಂತದ ಪರೀಕ್ಷೆಯಿದೆ, ಮಕ್ಕಳ ಲೈಂಗಿಕ ಚಿತ್ರಗಳಿಗೆ ಯಾವ ರಕ್ಷಣೆಯೂ ಇಲ್ಲ. ವಯಸ್ಕರ ಜಾಲತಾಣಗಳು ನೋಡುಗರ ವಯಸ್ಸನ್ನು ಪರಿಶೀಲಿಸಬೇಕೆಂಬ ಟೆಕ್ಸಸ್ ಕಾನೂನನ್ನು 2025ರ ಜೂನ್‌ನಲ್ಲಿ ಕೋರ್ಟ್ ಎತ್ತಿಹಿಡಿದಿದೆ. ಈ ಭಾಗದಲ್ಲಿ ವಿವಾದಗಳಿದ್ದರೂ ಇಂದಿನ ರಾಜಕೀಯ ಮಾತಿನ ಅಳಿವು ಉಳಿವು ಅವುಗಳ ಮೇಲೆ ನಿಂತಿಲ್ಲ.

ಅದು ನಿಂತಿರುವುದು ಮೊದಲನೆಯದಾಗಿ ನೌಕರಿಯ ಮೇಲೆ. ಖಾಸಗಿ ಕಂಪನಿಯ ಮಾಲೀಕ ಸರ್ಕಾರವಲ್ಲ, ಆದ್ದರಿಂದ ಮೊದಲ ತಿದ್ದುಪಡಿ ಆತನನ್ನು ತಡೆಯದು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಕಾರಣವನ್ನೇ ಕೊಡದೆ ನೌಕರನನ್ನು ತೆಗೆದುಹಾಕಬಹುದಾದ್ದರಿಂದ, ಒಂದು ಫೇಸ್‌ಬುಕ್ ಬರಹಕ್ಕೆ ಕೆಲಸ ಕಳೆದುಕೊಂಡವರಿಗೆ ಹೆಚ್ಚಿನ ಕಡೆ ಪರಿಹಾರವಿಲ್ಲ; ಕ್ಯಾಲಿಫೋರ್ನಿಯಾ, ಕನೆಕ್ಟಿಕಟ್‌ನಂಥ ಕೆಲವು ರಾಜ್ಯಗಳಲ್ಲಿ ಮಾತ್ರ ನೌಕರರ ರಾಜಕೀಯ ಚಟುವಟಿಕೆ ಅಥವಾ ಮಾತಿಗೆ ಶಾಸನದ ಆಸರೆಯಿದೆ. ಸರ್ಕಾರಿ ನೌಕರರ ಸ್ಥಿತಿ ಬೇರೆ. ಸಾರ್ವಜನಿಕ ಮಹತ್ವದ ವಿಷಯದ ಬಗ್ಗೆ ನಾಗರಿಕನಾಗಿ ಆಡಿದ ಮಾತನ್ನು, ಕಚೇರಿಯ ಕೆಲಸಕ್ಕೆ ಅದರಿಂದಾಗುವ ಅಡ್ಡಿಯೊಂದಿಗೆ ತೂಗಿ ನೋಡಬೇಕು ಎಂದು 1968ರ ಪಿಕರಿಂಗ್ ತೀರ್ಪು ಹೇಳಿದೆ. ಕರ್ಕ್ ಹತ್ಯೆಯ ನಂತರದ ವಜಾಗಳಿಗೆ ನೇರವಾಗಿ ಹೊಂದುವ ಹಳೆಯ ತೀರ್ಪೊಂದಿದೆ. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡಿನ ದಾಳಿಯಾದ ಸುದ್ದಿ ಕೇಳಿ, ಟೆಕ್ಸಸ್‌ನ ಕಾನ್‌ಸ್ಟೆಬಲ್ ಕಚೇರಿಯ ಗುಮಾಸ್ತೆಯೊಬ್ಬರು, ಮತ್ತೊಮ್ಮೆ ಪ್ರಯತ್ನಿಸಿದರೆ ಗುರಿ ತಪ್ಪದಿರಲಿ ಎಂಬರ್ಥದ ಮಾತನ್ನು ಸಹೋದ್ಯೋಗಿಗೆ ಹೇಳಿದ್ದರು. ಅವರನ್ನು ವಜಾ ಮಾಡಿದ್ದು ಸಂವಿಧಾನಬಾಹಿರ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ತೀರ್ಪಿತ್ತಿತು. ದಕ್ಷಿಣ ಡಕೋಟಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರನ್ನು ಕರ್ಕ್ ಬಗೆಗಿನ ಬರಹಕ್ಕಾಗಿ ವಜಾ ಮಾಡಹೊರಟಾಗ ಫೆಡರಲ್ ನ್ಯಾಯಾಧೀಶರು ತಡೆದರು, ವಿಶ್ವವಿದ್ಯಾಲಯ ಹಿಂದೆ ಸರಿಯಿತು. ಆದರೆ ಖಾಸಗಿ ಆಸ್ಪತ್ರೆಯ ದಾದಿ ಅದೇ ಮಾತನ್ನು ಬರೆದಿದ್ದರೆ ಆಕೆಗೆ ಈ ತೀರ್ಪುಗಳಾವುವೂ ಒದಗುವುದಿಲ್ಲ. ಮಾತು ಒಂದೇ, ಸಂಬಳ ಕೊಡುವವರು ಬೇರೆ.

ಎರಡನೆಯದು, ನನ್ನ ದೃಷ್ಟಿಯಲ್ಲಿ ಹೆಚ್ಚು ಗಂಭೀರವಾದದ್ದು, ಸರ್ಕಾರ ತಾನು ನೇರವಾಗಿ ಶಿಕ್ಷಿಸದೆ ಬೇರೆಯವರ ಕೈಯಿಂದ ಶಿಕ್ಷೆ ಮಾಡಿಸುವುದು. 2024ರ ಮೇ ತಿಂಗಳಲ್ಲಿ ರಾಷ್ಟ್ರೀಯ ರೈಫಲ್ ಸಂಘ ವಿರುದ್ಧ ವುಲ್ಲೊ ಪ್ರಕರಣದಲ್ಲಿ ಕೋರ್ಟ್ ಸರ್ವಾನುಮತದ ತೀರ್ಪು ಕೊಟ್ಟಿತು. ಬಂದೂಕು ಹಕ್ಕುಗಳ ಪರ ವಾದಿಸುವ ಆ ಸಂಘದೊಂದಿಗಿನ ವ್ಯವಹಾರ ಕಡಿದುಕೊಳ್ಳುವಂತೆ ನ್ಯೂಯಾರ್ಕಿನ ಹಣಕಾಸು ನಿಯಂತ್ರಕಿ ವಿಮಾ ಕಂಪನಿಗಳ ಮೇಲೆ ಒತ್ತಡ ತಂದರು ಎಂಬುದು ಆರೋಪ. ತನಗಾಗದ ಮಾತನ್ನು ಅಡಗಿಸಲು ಖಾಸಗಿಯವರನ್ನು ಬೆದರಿಸುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲ ಎಂದು ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಬರೆದರು. ಆದರೆ 2025ರಲ್ಲಿ ಕೆಳಗಿನ ಮೇಲ್ಮನವಿ ನ್ಯಾಯಾಲಯ, ಆಗಿನ ಕಾಲಕ್ಕೆ ಈ ನಿಯಮ ಅಷ್ಟು ಸ್ಪಷ್ಟವಾಗಿರಲಿಲ್ಲ ಎಂದು ಹೇಳಿ ಅಧಿಕಾರಿಗೆ ದಾವೆಯಿಂದ ವಿನಾಯಿತಿ ನೀಡಿತು. ತತ್ತ್ವ ಗೆದ್ದಿತು, ದೂರುದಾರರಿಗೆ ಪರಿಹಾರ ಸಿಗಲಿಲ್ಲ.

ಅದೇ 2024ರಲ್ಲಿ ಇನ್ನೊಂದು ಪ್ರಕರಣ ಬೇರೆ ದಾರಿ ಹಿಡಿಯಿತು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಅವರು ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಉನ್ನತ ಅಧಿಕಾರಿ, ಆಗಿದ್ದ ಕಾರಣ ಅವರ ಹೆಸರೇ ಮೂರ್ತಿ ವಿರುದ್ಧ ಮಿಸ್ಸೂರಿ ಎಂದು ದಾಖಲಾದ ಆ ಮೊಕದ್ದಮೆಗೆ ಅಂಟಿಕೊಂಡಿದೆ. ಕೋವಿಡ್ ಬಗೆಗಿನ ಬರಹಗಳನ್ನು ತೆಗೆದುಹಾಕುವಂತೆ ಬೈಡನ್ ಆಡಳಿತ ಜಾಲತಾಣಗಳನ್ನು ಒತ್ತಾಯಿಸಿತು ಎಂದು ಎರಡು ರಾಜ್ಯಗಳು ಮತ್ತು ಕೆಲವು ವ್ಯಕ್ತಿಗಳು ದೂರಿದ್ದರು. ತಮಗಾದ ಹಾನಿಗೆ ಸರ್ಕಾರದ ಒತ್ತಡವೇ ಕಾರಣವೆಂಬ ನೇರ ಕೊಂಡಿಯನ್ನು ಅವರು ತೋರಿಸಿಲ್ಲ, ಆದ್ದರಿಂದ ದಾವೆ ಹೂಡುವ ಅರ್ಹತೆಯೇ ಅವರಿಗಿಲ್ಲ ಎಂದು ಕೋರ್ಟ್ 6–3ರಿಂದ ಹೇಳಿತು. ಡೆಮಾಕ್ರಟಿಕ್ ಆಡಳಿತದ ಒತ್ತಡವನ್ನು ಅಂದು ಖಂಡಿಸಿದವರು ರಿಪಬ್ಲಿಕನ್ ಆಡಳಿತದ ಒತ್ತಡದ ಬಗ್ಗೆ ಇಂದು ಮೌನವಾಗಿದ್ದರೆ, ಅಂದು ಮೌನವಾಗಿದ್ದವರು ಇಂದು ಖಂಡಿಸುತ್ತಿದ್ದರೆ, ಆ ಅಸಂಗತತೆ ರಾಜಕೀಯದ್ದು. ಕಾನೂನು ಇಬ್ಬರಿಗೂ ಒಂದೇ.

ಕಿಮ್ಮೆಲ್ ಪ್ರಕರಣವನ್ನು ಈ ಬೆಳಕಿನಲ್ಲಿ ಓದಬೇಕು. ಸಂವಹನ ಆಯೋಗಕ್ಕೆ ಪ್ರಸಾರವನ್ನು ಸೆನ್ಸಾರ್ ಮಾಡುವ ಅಧಿಕಾರವಿಲ್ಲ ಎಂದು ಅದನ್ನು ಸ್ಥಾಪಿಸಿದ ಕಾಯ್ದೆಯೇ ಹೇಳುತ್ತದೆ. ಆದರೆ ಸ್ಥಳೀಯ ಟಿವಿ ಕೇಂದ್ರಗಳ ಪರವಾನಗಿ ನವೀಕರಣ, ಕಂಪನಿಗಳ ವಿಲೀನಕ್ಕೆ ಒಪ್ಪಿಗೆ ಎರಡೂ ಅದರ ಕೈಯಲ್ಲಿವೆ. ಎಬಿಸಿಯ ಅನೇಕ ಸಹಯೋಗಿ ಕೇಂದ್ರಗಳ ಒಡೆತನ ಹೊಂದಿದ್ದು, ಕಿಮ್ಮೆಲ್ ಕಾರ್ಯಕ್ರಮವನ್ನು ತೋರಿಸುವುದಿಲ್ಲವೆಂದು ಮೊದಲು ಘೋಷಿಸಿದ ನೆಕ್ಸ್‌ಸ್ಟಾರ್ ಕಂಪನಿಗೆ ಆಗ ಟೆಗ್ನಾ ಕಂಪನಿಯನ್ನು ಕೊಳ್ಳಲು ಇದೇ ಆಯೋಗದ ಒಪ್ಪಿಗೆ ಬೇಕಿತ್ತು. ಅದೇ ವರ್ಷದ ಜುಲೈನಲ್ಲಿ ಪ್ಯಾರಾಮೌಂಟ್ ಕಂಪನಿ, ತನ್ನ ಸಿಬಿಎಸ್ ವಾಹಿನಿಯ ಸಂದರ್ಶನವೊಂದರ ಸಂಕಲನದ ಬಗ್ಗೆ ಟ್ರಂಪ್ ಹೂಡಿದ್ದ, ಕಾನೂನು ತಜ್ಞರಲ್ಲಿ ಅನೇಕರು ದುರ್ಬಲವೆಂದಿದ್ದ ದಾವೆಯನ್ನು 1.6 ಕೋಟಿ ಡಾಲರ್ ಕೊಟ್ಟು ಇತ್ಯರ್ಥಪಡಿಸಿಕೊಂಡಿತು. ಆ ತಿಂಗಳ ಕೊನೆಯೊಳಗೆ ಅದರ ವಿಲೀನಕ್ಕೆ ಆಯೋಗದ ಒಪ್ಪಿಗೆ ಸಿಕ್ಕಿತು. ಒಂದು ಇನ್ನೊಂದಕ್ಕೆ ಕಾರಣವೆಂದು ಯಾವ ನ್ಯಾಯಾಲಯವೂ ಹೇಳಿಲ್ಲ, ಹೇಳುವ ಸಂದರ್ಭವೂ ಒದಗಿಲ್ಲ, ಏಕೆಂದರೆ ಒತ್ತಡಕ್ಕೆ ಮಣಿದ ಕಂಪನಿ ನ್ಯಾಯಾಲಯಕ್ಕೆ ಹೋಗುವುದೇ ಇಲ್ಲ. ವುಲ್ಲೊ ತೀರ್ಪು ಎಷ್ಟು ಗಟ್ಟಿಯಾಗಿದ್ದರೂ ಅದನ್ನು ಬಳಸುವ ಧೈರ್ಯವುಳ್ಳ ದೂರುದಾರ ಬೇಕು. ಕಿಮ್ಮೆಲ್ ಸೆಪ್ಟೆಂಬರ್ 23ರಂದು ಮತ್ತೆ ತೆರೆಗೆ ಬಂದರು, ಆದರೆ ಅವರನ್ನು ಮರಳಿ ತಂದದ್ದು ವೀಕ್ಷಕರ ಮತ್ತು ಕಲಾವಿದರ ಪ್ರತಿಭಟನೆಯೇ ಹೊರತು ನ್ಯಾಯಾಲಯದ ಆದೇಶವಲ್ಲ.

ಮೂರನೆಯದು ಕನ್ನಡದ ಸಾವಿರಾರು ಮನೆಗಳಿಗೆ ನೇರವಾಗಿ ತಟ್ಟುವ ವಿಷಯ. ಅಮೆರಿಕದ ಪ್ರಜೆಗಳಲ್ಲದವರಿಗೆ ಈ ಹಕ್ಕು ಎಷ್ಟರಮಟ್ಟಿಗೆ ಇದೆ? ದೇಶದೊಳಗೆ ಕಾನೂನುಬದ್ಧವಾಗಿ ವಾಸಿಸುವ ವಿದೇಶೀಯರಿಗೂ ವಾಕ್ ಸ್ವಾತಂತ್ರ್ಯವಿದೆ ಎಂದು 1945ರ ಬ್ರಿಜಸ್ ತೀರ್ಪು ಹೇಳಿತು. ಆದರೆ ಕಮ್ಯುನಿಸ್ಟ್ ಪಕ್ಷದ ಹಳೆಯ ಸದಸ್ಯತ್ವದ ಕಾರಣಕ್ಕೆ ವಲಸಿಗರನ್ನು ಗಡೀಪಾರು ಮಾಡುವುದನ್ನು 1952ರಲ್ಲಿ ಅದೇ ಕೋರ್ಟ್ ಒಪ್ಪಿತು. ಈ ಎರಡು ತೀರ್ಪುಗಳ ನಡುವಿನ ಮಬ್ಬಿನಲ್ಲೇ 2025ರ ಬಂಧನಗಳು ನಡೆದವು. ವಿದೇಶಾಂಗ ನೀತಿಗೆ ಗಂಭೀರ ಧಕ್ಕೆಯಾಗಬಹುದೆಂದು ವಿದೇಶಾಂಗ ಸಚಿವರು ಭಾವಿಸಿದರೆ ವಿದೇಶೀಯನೊಬ್ಬನನ್ನು ಗಡೀಪಾರು ಮಾಡಬಹುದು ಎಂಬ ಅಪರೂಪಕ್ಕೆ ಬಳಕೆಯಾಗುತ್ತಿದ್ದ ಕಲಮನ್ನು ಮುಂದಿಟ್ಟು, ಕೊಲಂಬಿಯಾ ವಿಶ್ವವಿದ್ಯಾಲಯದ ಪ್ಯಾಲೆಸ್ಟೀನ್ ಪರ ಹೋರಾಟಗಾರ, ಗ್ರೀನ್ ಕಾರ್ಡ್ ಹೊಂದಿದ್ದ ಮಹ್ಮೂದ್ ಖಲೀಲ್ ಅವರನ್ನು ಮಾರ್ಚ್‌ನಲ್ಲಿ ಬಂಧಿಸಲಾಯಿತು. ಟಫ್ಟ್ಸ್ ವಿಶ್ವವಿದ್ಯಾಲಯದ ತುರ್ಕಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬರನ್ನು ಮುಸುಕುಧಾರಿ ಅಧಿಕಾರಿಗಳು ಬೀದಿಯಲ್ಲೇ ವಶಕ್ಕೆ ಪಡೆದರು; ವಿದ್ಯಾರ್ಥಿ ಪತ್ರಿಕೆಯಲ್ಲಿ ಇತರರೊಂದಿಗೆ ಸೇರಿ ಬರೆದ ಒಂದು ಲೇಖನದ ಹೊರತು ಅವರ ವಿರುದ್ಧ ಹೆಚ್ಚಿನದೇನೂ ಹೊರಬರಲಿಲ್ಲ. ಅದೇ ಲೇಖನಕ್ಕೆ ಅಮೆರಿಕದ ಪ್ರಜೆಯೊಬ್ಬರು ಸಹಿ ಹಾಕಿದ್ದರೆ ಯಾವ ಅಧಿಕಾರಿಯೂ ಅವರ ಬಾಗಿಲು ತಟ್ಟುವಂತಿರಲಿಲ್ಲ. ಸೆಪ್ಟೆಂಬರ್ 30ರಂದು ಬಾಸ್ಟನ್‌ನ ಫೆಡರಲ್ ನ್ಯಾಯಾಧೀಶ ವಿಲಿಯಂ ಯಂಗ್ ಅವರು, ರೇಗನ್ ಕಾಲದಲ್ಲಿ ನೇಮಕಗೊಂಡವರು, ಕಾನೂನುಬದ್ಧವಾಗಿ ನೆಲೆಸಿದ ವಿದೇಶೀಯರಿಗೆ ಪ್ರಜೆಗಳಷ್ಟೇ ವಾಕ್ ಸ್ವಾತಂತ್ರ್ಯವಿದೆ, ಈ ಬಂಧನಗಳ ನೀತಿ ಅದನ್ನು ಉಲ್ಲಂಘಿಸಿದೆ ಎಂದು ದೀರ್ಘ ತೀರ್ಪಿನಲ್ಲಿ ಹೇಳಿದರು. ಇದು ಕೆಳಹಂತದ ನ್ಯಾಯಾಲಯದ ತೀರ್ಪು, ಸುಪ್ರೀಂ ಕೋರ್ಟಿನದ್ದಲ್ಲ.

ದೇಶದ ಹೊರಗೆ ನಿಂತು ವೀಸಾ ಕೇಳುವವರಿಗೆ ಇಷ್ಟೂ ಇಲ್ಲ. ಬೆಲ್ಜಿಯಂನ ಮಾರ್ಕ್ಸ್‌ವಾದಿ ಚಿಂತಕ ಅರ್ನೆಸ್ಟ್ ಮ್ಯಾಂಡೆಲ್ ಅವರಿಗೆ ಉಪನ್ಯಾಸಕ್ಕಾಗಿ ಬರಲು ಅವಕಾಶ ನಿರಾಕರಿಸಿದ್ದನ್ನು 1972ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ, ಮೇಲ್ನೋಟಕ್ಕೆ ಪ್ರಾಮಾಣಿಕವಾದ ಒಂದು ಕಾರಣವನ್ನು ಸರ್ಕಾರ ಕೊಟ್ಟರೆ ಸಾಕು, ಅದರ ಹಿಂದೆ ಇಣುಕಿ ನೋಡುವುದಿಲ್ಲ ಎಂದು ಹೇಳಿತ್ತು. 2019ರಿಂದ ವೀಸಾ ಅರ್ಜಿಯಲ್ಲಿ ಸಾಮಾಜಿಕ ಜಾಲತಾಣಗಳ ಖಾತೆಯ ಹೆಸರುಗಳನ್ನು ಕೇಳಲಾಗುತ್ತಿದೆ. 2025ರ ಜೂನ್‌ನಿಂದ ವಿದ್ಯಾರ್ಥಿ ಮತ್ತು ವಿನಿಮಯ ವೀಸಾ ಕೋರುವವರು ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕಾಗಿದೆ; ಡಿಸೆಂಬರ್‌ನಲ್ಲಿ ಈ ನಿಯಮ ಎಚ್-1ಬಿ ನೌಕರರಿಗೂ ಅವರ ಅವಲಂಬಿತರಿಗೂ ವಿಸ್ತರಿಸಿತು. ಬೆಂಗಳೂರಿನಿಂದ ಚೆನ್ನೈ ಅಥವಾ ಹೈದರಾಬಾದಿನ ದೂತಾವಾಸಕ್ಕೆ ಸಂದರ್ಶನಕ್ಕೆ ಹೋಗುವ ಎಂಜಿನಿಯರಿಂಗ್ ಪದವೀಧರ ಐದು ವರ್ಷಗಳ ಹಿಂದೆ ಹಂಚಿಕೊಂಡ ಒಂದು ರಾಜಕೀಯ ಬರಹವನ್ನು ಕಿಟಕಿಯಾಚೆಯ ಅಧಿಕಾರಿ ಓದಬಹುದು, ಅದರ ಆಧಾರದ ಮೇಲೆ ವೀಸಾ ನಿರಾಕರಿಸಲೂಬಹುದು. ಆ ನಿರಾಕರಣೆಯನ್ನು ಆತ ಅಮೆರಿಕದ ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ; ದೂತಾವಾಸದ ಅಧಿಕಾರಿಯ ಇಂಥ ತೀರ್ಮಾನಗಳು ಸಾಮಾನ್ಯವಾಗಿ ನ್ಯಾಯಾಂಗದ ಪರಿಶೀಲನೆಗೆ ಒಳಪಡುವುದಿಲ್ಲ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ 2024ರ ಮುನ್ಯೋಸ್ ತೀರ್ಪಿನಲ್ಲಿ ಮತ್ತೊಮ್ಮೆ ದೃಢಪಡಿಸಿದೆ.